ಯಾರ ಕಾಯಿಲೆಗೆ ಅರ್ಜಿ?

ಮಂಗನ ಕಾಯಿಲೆಗೆ ಒಳ್ಳೆಯ ಲಸಿಕೆ ಬೇಕು, ಸಂಶೋಧನೆಗೆ ಸರ್ಕಾರ ಹಣ ಕೊಡಬೇಕು ಎಂದು ನಾವು ಅರ್ಜಿ ಬರೆದದ್ದು 2019ರಲ್ಲಿ, ಸಾಗರ ತಾಲ್ಲೂಕಿನ ಅರಳಗೋಡಿನ ಸಾವುಗಳ ಸುದ್ದಿ ಕೇಳಿದ ಮೇಲೆ. ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನ್ನ ಪಾಲಿಗೇ ಬಂತು, ಟೀಚರಮ್ಮನ ಹಣೆಬರಹ! ಸೊರಬದ ಕ್ಯಾಸನೂರು ಕಾಡಿನಲ್ಲಿ ಈ ರೋಗ ಪತ್ತೆಯಾದದ್ದು 1957ರಲ್ಲಿ. ಉಣುಗು ಕಚ್ಚಿ ಬರುವ ಜ್ವರ; ದರಗು, ಸೌದೆ ತರಲು ಹೋದವರನ್ನು ಹಿಡಿಯುತ್ತದೆ. ಇದ್ದ ಲಸಿಕೆಯನ್ನು ಹಲವು ಸಲ ಚುಚ್ಚಿಸಿಕೊಂಡರೂ ಪೂರ್ಣ ರಕ್ಷಣೆಯಿರಲಿಲ್ಲ. 2022ರಲ್ಲಿ ಅದೂ ನಿಂತಿತು.

ಸಹಿ ಕೇಳಲು ಹೋದಾಗ ನೆರೆಮನೆಯಾಕೆ ಪೆನ್ನು ಹಿಡಿದೇ ಕೇಳಿದಳು: "ಟೀಚರ್, ನನ್ನ ಮಗನ ಮಾಂಸಖಂಡ ಸವೆಯುವ ರೋಗವನ್ನು ವಾಸಿಮಾಡುವ ಔಷಧಿಯೂ ಇಲ್ಲ. ಅದಕ್ಕೆ ಯಾರು ಅರ್ಜಿ ಬರೆಯುತ್ತಾರೆ?"

ನಾನು ತಬ್ಬಿಬ್ಬಾದೆ. ಬೊಕ್ಕಸ ಒಂದೇ. ಸಹಿ ಹೆಚ್ಚಿದ್ದ ಕಡೆಗೇ ಹಣ ಹರಿಯಬೇಕೆ? ಹಾಗಾದರೆ ಊರಿಗೊಬ್ಬನೇ ಇರುವ ರೋಗಿಯ ಗತಿಯೇನು? ತಲೆ ಎಣಿಸಿದರೆ ಮಂಗನ ಕಾಯಿಲೆಯೂ ದೆಹಲಿಯ ಕಣ್ಣಿಗೆ ಸಣ್ಣದೇ. ಸಣ್ಣದೆಂದು ಕೈಬಿಡಬೇಡಿ ಎಂಬುದೇ ನಮ್ಮ ಅರ್ಜಿಯ ವಾದ. ಅವಳದೂ ಅದೇ ತಾನೆ?

ಅವಳೇನೋ ಸಹಿ ಹಾಕಿಕೊಟ್ಟಳು. ಆ ರಾತ್ರಿ ಅವಳ ಹುಡುಗನ ಕಾಯಿಲೆಗಾಗಿ ಇನ್ನೊಂದು ಅರ್ಜಿ ಬರೆದೆ. ಅದಕ್ಕೆ ಸಿಕ್ಕ ಸಹಿ ಎರಡು: ಅವಳದು, ನನ್ನದು.