ಹಾದಿ ನೋಡುವವರು

ಮನೆಯಿಲ್ಲದವನಿಗೆ ಮೊದಲು ಬೇಕಾದದ್ದೇನು? ಅನ್ನ, ಬಟ್ಟೆ, ಸೂರು ಎಂದು ಯಾರಾದರೂ ಹೇಳಿಯಾರು. ಅಂಥವನನ್ನು ನಸುಕಿನಲ್ಲಿ ಎಬ್ಬಿಸಿ, "ಬಾ, ಓಡೋಣ" ಎಂದು ಕರೆದರೆ, ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿದಂತೆ ನಮಗೆ ತೋರುವುದು ಸಹಜ. ಆದರೂ ಅಮೆರಿಕದ ಕೆಲವು ನಗರಗಳಲ್ಲಿ ಈ ಕೆಲಸ ಹಲವು ವರ್ಷಗಳಿಂದ ನಡೆದುಬಂದಿದೆ. ಓದಿಗೋ ಉದ್ಯೋಗಕ್ಕೋ ಅಲ್ಲಿಗೆ ಹೋದ ಹೊರದೇಶದವನೂ ಇಂಥ ಓಟದಲ್ಲಿ ಸ್ವಯಂಸೇವಕನಾಗಿ ಸೇರಬಹುದು. ಇದು ಸೇವೆಯೆ, ಬರಿಯ ಶೋಕಿಯೆ?

ಫಿಲಡೆಲ್ಫಿಯ ನಗರದಲ್ಲಿ ಆನ್ ಮಾಲಮ್ ಎಂಬ ತರುಣಿ ದಿನವೂ ಬೆಳಗ್ಗೆ ಓಡುವ ದಾರಿಯಲ್ಲಿ ಒಂದು ಅನಾಥಾಶ್ರಯವಿತ್ತು. ಅದರ ಮುಂದೆ ನಿಂತಿರುತ್ತಿದ್ದವರಿಗೂ ಆಕೆಗೂ ಕೈಬೀಸುವುದರಿಂದ ಪರಿಚಯವಾಯಿತು. 2007ರ ಜುಲೈಯಲ್ಲಿ ಅವರೊಳಗಿನ ಒಂಬತ್ತು ಮಂದಿಯನ್ನು ಕೂಡಿಕೊಂಡು ಆಕೆ ಓಡತೊಡಗಿದರು. 'ಬ್ಯಾಕ್ ಆನ್ ಮೈ ಫೀಟ್' ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಲಾಸ್ ಏಂಜಲೀಸಿನ ಸ್ಕಿಡ್ ರೋ ಎಂಬ ಕೇರಿಯಲ್ಲಿ ಸಾವಿರಾರು ಜನ ಫುಟ್‌ಪಾತಿನಲ್ಲೂ ಆಶ್ರಯಗಳಲ್ಲೂ ಬಾಳುತ್ತಾರೆ. ಅಲ್ಲಿ 2012ರಲ್ಲಿ ಇಂಥದೇ ಓಟದ ಕೂಟವನ್ನು ಕಟ್ಟಿದವರು ಕ್ರೇಗ್ ಮಿಚೆಲ್ ಎಂಬ ನ್ಯಾಯಾಧೀಶರು. ಅವರಿಂದಲೇ ಶಿಕ್ಷೆ ಪಡೆದು ಸೆರೆಮನೆಗೆ ಹೋಗಿದ್ದವನೊಬ್ಬ, ಬಿಡುಗಡೆಯಾದ ಮೇಲೆ, ತಾನಿದ್ದ 'ಮಿಡ್‌ನೈಟ್ ಮಿಶನ್' ಎಂಬ ಆಶ್ರಯಕ್ಕೆ ಅವರನ್ನು ಕರೆದದ್ದೇ ಅದಕ್ಕೆ ಮೂಲ. ನ್ಯಾಯಪೀಠದಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ. ಓಟದಲ್ಲಿ ಇಬ್ಬರೂ ಒಂದೇ ನೆಲದ ಮೇಲೆ.

ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ ಎನ್ನುತ್ತೇವೆ. ಎಷ್ಟೇ ವಿನಯದಿಂದ ಕೊಟ್ಟರೂ ದಾನದ ಈ ಏರುತಗ್ಗು ಪೂರ್ತಿಯಾಗಿ ಹೋಗದು. ಓಟದಲ್ಲಾದರೆ ಕೊಡುವುದಕ್ಕೆ ಕೈಯಲ್ಲಿ ಏನೂ ಇರುವುದಿಲ್ಲ. ಏದುಸಿರು ಇಬ್ಬರಿಗೂ ಒಂದೇ, ಬೆವರೂ ಒಂದೇ. ಎಷ್ಟೋ ವೇಳೆ ಸ್ವಯಂಸೇವಕನೇ ಹಿಂದೆ ಬೀಳುತ್ತಾನೆ. ಬೀದಿಯವನು ನಿಂತು, "ಬಾರಪ್ಪ, ಇನ್ನು ಸ್ವಲ್ಪವೇ" ಎನ್ನಬೇಕಾಗುತ್ತದೆ. ಹಾಗೆ ಹೇಳುವ ಅವಕಾಶ ಅವನಿಗೆ ಎಷ್ಟು ಕಾಲದ ಮೇಲೆ ದೊರೆತಿತೋ!

ಇಷ್ಟಾದರೂ ಓಟ ಮುಗಿದೊಡನೆ ಒಬ್ಬ ಮನೆಗೆ ಹೋಗುತ್ತಾನೆ, ಇನ್ನೊಬ್ಬ ಆಶ್ರಯಕ್ಕೆ. ಒಂದು ಗಂಟೆಯ ಸಮಾನತೆ ಇಪ್ಪತ್ಮೂರು ಗಂಟೆಗಳ ಅಸಮಾನತೆಯನ್ನು ತೊಡೆಯುವುದುಂಟೆ? ಇಲ್ಲ. ಬಾಡಿಗೆ ಏರಿದ ಊರಿನಲ್ಲಿ ಮನೆಗಳನ್ನು ಕಟ್ಟಬೇಕೇ ಹೊರತು ಓಡಿ ಪ್ರಯೋಜನವಿಲ್ಲ. ಕಾಲಿಲ್ಲದವನು, ಕಾಯಿಲೆಯವನು ಓಡುವುದೂ ಆಗದು. ಫಿಲಡೆಲ್ಫಿಯದ ಸಂಸ್ಥೆ, ಮೊದಲ 30 ದಿನಗಳಲ್ಲಿ ನೂರಕ್ಕೆ 90ರಷ್ಟು ಹಾಜರಿಯಿದ್ದವರಿಗೆ ಉದ್ಯೋಗದ ತರಬೇತಿಗೂ ವಸತಿಗೂ ನೆರವಾಗುತ್ತದೆ. ಶಿಸ್ತಿಗೆ ಇದು ಒಳ್ಳೆಯದೇ. ಆದರೆ ಓಡಬಲ್ಲವನೇ ಕರುಣೆಗೆ ಅರ್ಹನೆಂಬ ಭಾವನೆ ಸಮಾಜದಲ್ಲಿ ಬೇರೂರಿದರೆ ಅನ್ಯಾಯ. ಮಿಡ್‌ನೈಟ್ ಮಿಶನ್ ಓಡದವರಿಗೂ ಊಟ ಇಕ್ಕುತ್ತದೆ. ಕ್ರಮ ಹಾಗೆಯೇ ಇರಬೇಕು. ಅನ್ನಕ್ಕೆ ಪರೀಕ್ಷೆ ಸಲ್ಲದು.

ಹಾಗಾದರೆ ಓಟದಿಂದ ದೊರೆಯುವುದೇನು? ಮನೆಯೆಂದರೇನು ಎಂದು ಕೇಳಿಕೊಂಡರೆ ಉತ್ತರ ಹೊಳೆಯುತ್ತದೆ. ನಾಲ್ಕು ಗೋಡೆ, ಒಂದು ಸೂರು, ಸರಿ. ಅದರ ಜೊತೆಗೆ, ನಾವು ಬರುವುದು ತಡವಾದರೆ ಯಾರಾದರೂ ಬಾಗಿಲಿನತ್ತ ನೋಡುವ ಜಾಗವೂ ಮನೆಯೇ. ಬೀದಿಯಲ್ಲಿ ಬದುಕುವವನು ಒಂದು ದಿನ ಕಾಣದಿದ್ದರೆ ಹುಡುಕುವವರಾರು? ಅವನ ಬಳಿಗೆ ಪೊಲೀಸಿನವರು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ, ಚಿತ್ರ ತೆಗೆಯುವವರು ಬರುತ್ತಾರೆ. ಅವನ ಹಾದಿ ನೋಡುವವರು ಮಾತ್ರ ಇಲ್ಲ. ಬೆಳಗಿನ ಐದೂವರೆಗೆ ಹೆಗಲ ಮೇಲೆ ಕೈಯಿಟ್ಟು ನಿಂತ ವೃತ್ತದಲ್ಲಿ ಅವನ ಜಾಗ ಬರಿದಾಗಿದ್ದರೆ, "ಇವತ್ತು ಅವನೇಕೆ ಬರಲಿಲ್ಲ?" ಎಂದು ಒಬ್ಬನಾದರೂ ಕೇಳುತ್ತಾನೆ. ಆ ಪ್ರಶ್ನೆ ಮನೆಯ ಒಂದು ತುಣುಕು.

ಹೊರದೇಶದಿಂದ ಬಂದ ಸ್ವಯಂಸೇವಕನ ಧರ್ಮಸಂಕಟ ಇಲ್ಲಿಯೇ ಇದೆ. ಅವನು ಆ ನೆಲದಲ್ಲಿ ಮತ ಹಾಕಲಾರ, ಕಾನೂನು ತಿದ್ದಲಾರ. ಅವನಿಂದ ಕೊಡಲಾಗುವುದು ಹೇಳಿದ ಹೊತ್ತಿಗೆ ಹಾಜರಾಗುವ ನಿಷ್ಠೆಯೊಂದನ್ನೇ. ಆದರೆ ಹಿಂದಿರುಗುವ ಟಿಕೆಟ್ಟು ಅವನ ಜೇಬಿನಲ್ಲಿದೆ. ತನ್ನವರಿಂದ ಬಿಟ್ಟುಹೋಗಿಸಿಕೊಂಡವನೊಡನೆ ಸ್ನೇಹ ಬೆಳೆಸಿ ತಾನೂ ಬಿಟ್ಟುಹೋದರೆ, ಹಳೆಯ ಗಾಯವನ್ನು ಮತ್ತೆ ಕೆದಕಿದಂತೆ. ಹಾಗೆಂದು ಸ್ನೇಹವನ್ನೇ ಮಾಡಬಾರದೆನ್ನುವುದು ಅತಿಯಾದೀತು; ರೈಲಿನಲ್ಲಿ ಜೊತೆಯಾದವರೂ ತಮ್ಮ ಊರು ಬಂದಾಗ ಇಳಿಯುತ್ತಾರೆ, ನಾವು ಅವರನ್ನು ವಂಚಕರೆನ್ನುವುದಿಲ್ಲ. ಇಳಿಯುವ ಊರನ್ನು ಮುಚ್ಚಿಟ್ಟರೆ ಮಾತ್ರ ವಂಚನೆ. ಹೋಗುವ ತಿಂಗಳನ್ನು ಮೊದಲೇ ಹೇಳುವುದು, ಅಲ್ಲಿಯವರೆಗೆ ಒಂದು ಬೆಳಗೂ ತಪ್ಪದಿರುವುದು, ತನ್ನ ಜಾಗಕ್ಕೆ ಸ್ಥಳೀಯನೊಬ್ಬನನ್ನು ಕರೆತಂದು ನಿಲ್ಲಿಸುವುದು: ಇಷ್ಟಾದರೆ ಅವನ ಋಣ ತಕ್ಕಮಟ್ಟಿಗೆ ಸಂದಿತು.

ಒಬ್ಬನಿಗೆ ನಮ್ಮ ಹಾದಿ ನೋಡುವ ಅಭ್ಯಾಸ ಮಾಡಿಸಿದ ಮೇಲೆ ನಾವು ಸ್ವತಂತ್ರರಲ್ಲ. ಹಣ ಕೊಟ್ಟವನು ಕೊಟ್ಟು ಮರೆಯಬಹುದು. ಜೊತೆ ಕೊಟ್ಟವನಿಗೆ ಆ ಸೌಲಭ್ಯವಿಲ್ಲ. ಪರದೇಶದಲ್ಲಾಗಲಿ, ನಮ್ಮ ಬೀದಿಯ ತಿರುವಿನಲ್ಲಾಗಲಿ, ಸೇವೆಗೆ ಹೊರಡುವ ಮುನ್ನ ನಾವು ನಮ್ಮನ್ನು ಕೇಳಿಕೊಳ್ಳಬೇಕಾದ ಮಾತು ಒಂದೇ: ನಾಳೆಯೂ ಬರುತ್ತೇನೆಯೆ?