ಬ್ಯಾಗು ಕಾಯೋರು ಯಾರು?

ಮೂರು ತಲೆಮಾರು ಸೇರಿ ವಂಡರ್‌ಲಾಗೆ ಹೋಗಬೇಕು. ಬೆಂಗಳೂರಿಂದ ಬರೀ 28 ಕಿ.ಮೀ., ರಾತ್ರಿ ವಾಪಸ್ ಬರಬಹುದು. ಹಾಗಾದ್ರೆ ಉಳಿದ ದುಡ್ಡು ಯಾವುದಕ್ಕೆ? ಮಕ್ಕಳಿಗೆ ಕ್ಯೂ ತಪ್ಪಿಸೋ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟಿಗೋ, ಅಪ್ಪ-ಅಮ್ಮನಿಗೆ ಪಾರ್ಕಿನ ಪಕ್ಕದ ರೆಸಾರ್ಟಲ್ಲಿ ರೂಮಿಗೋ?

ಕೇಳಿದರೆ ಅಮ್ಮ 'ನಂಗೇನೂ ಬ್ಯಾಡ ಕಣಪ್ಪ, ಮಕ್ಳು ಆಡ್ಲಿ' ಅಂತಾಳೆ. ಇದನ್ನು ಒಪ್ಪಿಗೆ ಅಂದುಕೊಳ್ಳೋದು ನಮಗೆ ಅನುಕೂಲ. ಆದರೆ ಊರಲ್ಲಿ ಎಲ್ಲರಿಗೂ ಬಡಿಸಿ, ಮಿಕ್ಕಿದ್ದರಲ್ಲಿ ತಾನು ಉಂಡವಳಿಗೆ 'ಬೇಕು' ಅನ್ನೋದೇ ರೂಢಿಯಿಲ್ಲ. ರೋಲರ್ ಕೋಸ್ಟರ್ ಹತ್ತದವಳಿಗೂ ಟಿಕೆಟ್ ತೆಗೆಸಿ, ಇಡೀ ದಿನ ಬ್ಯಾಗು ಕಾಯೋಕೆ ಕೂರಿಸಿ, ಸಂಜೆ ಸ್ಟೇಟಸ್ಸಲ್ಲಿ 'ಫ್ಯಾಮಿಲಿ ಟೈಮ್' ಅಂತ ಹಾಕಿದರೆ ಅದು ಯಾರ ಟೈಮು?

ನನ್ನ ಓಟು ರೂಮಿಗೆ. ಮಕ್ಕಳು ಕ್ಯೂನಲ್ಲಿ ಕಾಯಲಿ ಬಿಡಿ (ಬಿಲ್ಡ್ ಮುಗಿಯೋಕೆ ನಾವು ಕಾಯಲ್ವಾ?), ಅಮ್ಮನ ಮಂಡಿನೋವು ಕಾಯೋದಿಲ್ಲ. ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ. ಮಧ್ಯಾಹ್ನ ಒಂದಕ್ಕೆ ಯಾವ ರೈಡ್ ಬಾಕಿಯಿದ್ದರೂ ಎಲ್ಲರೂ ಊಟಕ್ಕೆ. ಅಪ್ಪನ ಶುಗರ್ ಮಾತ್ರೆಗೆ ರೈಡು ಗೊತ್ತಿಲ್ಲ. ಆಮೇಲೆ ಇಬ್ಬರೂ ರೂಮಿಗೆ ಹೋಗಿ ಒಂದು ನಿದ್ದೆ ತೆಗೀಲಿ. ಬ್ಯಾಗುಗಳಿಗೆ ಲಾಕರ್ ಇದೆ, ಬಾಡಿಗೆ ಕೊಟ್ಟರಾಯ್ತು.