ಕಸುಬು ಬೇರೆ, ಸ್ವಧರ್ಮ ಬೇರೆ

ಅನ್ನ ಕೊಟ್ಟ ಕಸುಬಿನಲ್ಲಿ ಹೆಸರು ಮಾಡಿದವರು ಐವತ್ತರ ಹೊಸ್ತಿಲಲ್ಲಿ ಕಾದಂಬರಿ, ಸಂಗೀತ, ಸಿನಿಮಾ ಎಂದು ಹೊರಟರೆ ನಾವು ಅನುಮಾನದಿಂದ ನೋಡುತ್ತೇವೆ. ಅದಕ್ಕೆ ಗೀತೆಯ ಬೆಂಬಲವೂ ಸಿಗುತ್ತದೆ: ಪರಧರ್ಮವನ್ನು ಚೆನ್ನಾಗಿ ನಡೆಸುವುದಕ್ಕಿಂತ ಸ್ವಧರ್ಮವನ್ನು ಕುಂದುಕೊರತೆಯೊಡನೆ ನಡೆಸುವುದೇ ಲೇಸು ಎಂದು ಅದು ಹೇಳುತ್ತದಲ್ಲ. ಆದರೆ ಹೊಟ್ಟೆಪಾಡಿಗೆ ಕೈಗೆ ಸಿಕ್ಕ ಕೆಲಸವನ್ನೇ ಸ್ವಧರ್ಮ ಎಂದುಕೊಳ್ಳಬೇಕೆ? ಅಮೆರಿಕದ ಛಾಯಾಗ್ರಾಹಕ ಗೋರ್ಡನ್ ಪಾರ್ಕ್ಸ್ ಬದುಕನ್ನು ಮುಂದಿಟ್ಟುಕೊಂಡು ನೋಡಿದರೆ ಹಾಗೆನ್ನುವುದು ಕಷ್ಟ. 1912ರಲ್ಲಿ ಕಾನ್ಸಾಸ್‌ನ ಫೋರ್ಟ್ ಸ್ಕಾಟ್‌ನಲ್ಲಿ ಹದಿನೈದು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದ ಈ ಕಪ್ಪು ಹುಡುಗ ತಾಯಿಯನ್ನು ಕಳೆದುಕೊಂಡು ಹದಿಹರೆಯದಲ್ಲೇ ಬೀದಿಗೆ ಬಿದ್ದ. ಪಿಯಾನೊ ನುಡಿಸಿ, ರೈಲಿನ ಊಟದ ಬೋಗಿಯಲ್ಲಿ ಮಾಣಿಯಾಗಿ ದುಡಿದು ಹೊಟ್ಟೆ ಹೊರೆದ. ಗಿರವಿ ಅಂಗಡಿಯಲ್ಲಿ ಕ್ಯಾಮೆರಾ ಕೊಂಡದ್ದು ಇಪ್ಪತ್ತೈದರ ಆಸುಪಾಸಿನಲ್ಲಿ. ಅಂದರೆ ಆತನ ಬದುಕಿಗೆ ಕ್ಯಾಮೆರಾಕ್ಕಿಂತ ಮೊದಲೇ ಸಂಗೀತ ಬಂದಿತ್ತು. ಯಾವುದು ಕಸುಬಾಯಿತು, ಯಾವುದು ಕಾದು ಕುಳಿತಿತು ಎಂಬುದನ್ನು ಒಳಗಿನ ಒಲವಿಗಿಂತ ಹೆಚ್ಚಾಗಿ ಬಡತನ ಮತ್ತು ವರ್ಣಭೇದ ನಿರ್ಧರಿಸಿದವು.

ಹಾಗೆಂದು ಕಸುಬನ್ನು ಬರೀ ಬಂಧನ ಎಂದು ತಳ್ಳಿಹಾಕುವುದೂ ತಪ್ಪು. ಪಾರ್ಕ್ಸ್ ಕೈ ಪಳಗಿದ್ದು ಹೆಂಗಸರ ಉಡುಪಿನ ಅಂಗಡಿಗೆ ತೆಗೆದ ಫ್ಯಾಷನ್ ಚಿತ್ರಗಳಲ್ಲಿ. 1942ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಎಲಾ ವಾಟ್ಸನ್ ಅವರ ಚಿತ್ರವನ್ನು ಗಮನಿಸಿ. ಹಿಂದೆ ಇಳಿಬಿದ್ದ ರಾಷ್ಟ್ರಧ್ವಜ, ಒಂದು ಬದಿಗೆ ನೆಟ್ಟಗೆ ನಿಂತ ಪೊರಕೆ, ಇನ್ನೊಂದು ಬದಿಗೆ ನೆಲ ಒರೆಸುವ ಕೋಲು, ನಡುವೆ ಚುಕ್ಕೆಯ ಉಡುಪಿನಲ್ಲಿ ಆ ದಣಿದ ಹೆಂಗಸು. ಇದು ಅಕಸ್ಮಾತ್ ಸಿಕ್ಕ ಕ್ಷಣವಲ್ಲ, ನಿಲ್ಲಿಸಿ ತೆಗೆದ ಚಿತ್ರ. ಉಡುಪು ಮಾರಲು ಕಲಿತ ಕೌಶಲವೇ ಇಲ್ಲಿ ಒಂದು ದೇಶದ ಆತ್ಮಸಾಕ್ಷಿಯನ್ನು ಕೆಣಕುತ್ತದೆ. 1963ರಲ್ಲಿ ಬಂದ ಕಾದಂಬರಿ ‘ದಿ ಲರ್ನಿಂಗ್ ಟ್ರೀ’, ಅದೇ ಫೋರ್ಟ್ ಸ್ಕಾಟ್‌ನಲ್ಲಿ ಚಿತ್ರೀಕರಿಸಿ, ತಾನೇ ಸಂಗೀತ ಕೊಟ್ಟು 1969ರಲ್ಲಿ ತೆರೆಗೆ ತಂದ ಅದರ ಸಿನಿಮಾ, ಮಾರ್ಟಿನ್ ಲೂಥರ್ ಕಿಂಗ್ ಕುರಿತ 1989ರ ಬ್ಯಾಲೆ, ಇವೆಲ್ಲ ಕೇಳಿದ್ದೂ ಅದೇ ಪ್ರಶ್ನೆಯನ್ನು: ಅವಮಾನದ ನಡುವೆ ಮನುಷ್ಯ ತನ್ನ ಘನತೆಯನ್ನು ಹೇಗೆ ಉಳಿಸಿಕೊಳ್ಳುತ್ತಾನೆ? ಮಾಧ್ಯಮ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ. ಸ್ವಧರ್ಮ ಎನ್ನುವುದಿದ್ದರೆ ಅದು ಆ ಪ್ರಶ್ನೆಗೆ ತೋರಿದ ನಿಷ್ಠೆಯಲ್ಲಿದೆ.

ಹಲವು ಕಲೆಗಳಿಗೆ ಕೈ ಹಾಕಿದರೆ ಯಾವುದರಲ್ಲೂ ಆಳ ಸಿಗದು ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಪಾರ್ಕ್ಸ್ ಛಾಯಾಚಿತ್ರಗಳಿಗೆ ಸಿಕ್ಕ ಎತ್ತರ ಆತನ ಸಂಗೀತಕ್ಕೆ ಸಿಗಲಿಲ್ಲ. ಆದರೆ ಕುಂದುಕೊರತೆಯಿದ್ದರೂ ತನ್ನದನ್ನೇ ಮಾಡು ಎನ್ನುವ ಗೀತೆಯ ಮಾತು ಇಲ್ಲಿ ಆಕ್ಷೇಪಿಸುವವರಿಗೇ ತಿರುಗೇಟಾಗುತ್ತದೆ. ನೈಪುಣ್ಯವೊಂದೇ ಅಳತೆಗೋಲಾಗಿದ್ದರೆ ಗೀತೆ ಆ ಮಾತು ಹೇಳುತ್ತಲೇ ಇರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಒಳಗಿನ ಪ್ರಶ್ನೆಯೇ ಸ್ವಧರ್ಮವಾದರೆ ಪ್ರತಿಯೊಬ್ಬನೂ ತನ್ನ ಚಪಲಕ್ಕೆ ಆ ಹೆಸರಿಡಬಹುದಲ್ಲ? ಇಡಬಹುದು, ಆದ್ದರಿಂದಲೇ ಪರೀಕ್ಷೆ ಬೇಕು. ಚಪಲ ಹಳೆಯ ಹೊಣೆಯನ್ನು ಕಳಚಿಕೊಳ್ಳುತ್ತದೆ. ಪಾರ್ಕ್ಸ್ ಹಾಗೆ ಮಾಡಲಿಲ್ಲ. ಕಾದಂಬರಿಕಾರ ಎನಿಸಿಕೊಂಡ ಮೇಲೂ, ಸಿನಿಮಾ ಬರುವ ಹಿಂದಿನ ವರ್ಷ 1968ರಲ್ಲಿ, ‘ಲೈಫ್’ ಪತ್ರಿಕೆಯಲ್ಲಿ ಹಾರ್ಲೆಮ್‌ನ ಬಡ ಕುಟುಂಬವೊಂದರ ಬದುಕನ್ನು ಚಿತ್ರಗಳಲ್ಲಿ ತೋರಿಸಿದ.

ಹಾಗಾಗಿ ನಡುವಯಸ್ಸಿನ ಕಲಾವಿದನನ್ನು ‘ಕಸುಬು ಬಿಟ್ಟೆಯಾ’ ಎಂದು ಕೇಳಿ ಪ್ರಯೋಜನವಿಲ್ಲ. ಕಸುಬು ಕಲಿಸಿದ ಶಿಸ್ತನ್ನು ಹೊಸ ಕೆಲಸಕ್ಕೂ ತಂದೆಯಾ, ಆ ಕೆಲಸದಲ್ಲಿ ನಿನ್ನ ಹೊರತಾಗಿ ಬೇರೆಯವರಿಗೂ ಜಾಗವಿದೆಯಾ ಎಂದು ಕೇಳಬೇಕು. ಎರಡಕ್ಕೂ ಹೌದೆನ್ನಬಲ್ಲವನು ಎಷ್ಟು ಕಲೆಗಳಿಗೆ ಕೈ ಹಾಕಿದರೂ ಧರ್ಮ ಬದಲಿಸಿದವನಲ್ಲ. ಇಲ್ಲವೆನ್ನುವವನು ಸಾಯುವ ತನಕ ಒಂದೇ ಕಸುಬಿಗೆ ಅಂಟಿಕೊಂಡಿದ್ದರೂ ಸ್ವಧರ್ಮ ಪಾಲಿಸಿದವನಲ್ಲ.